ವಿಳಾಸ ಕೊಡುತ್ತಿರುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರಾಯೋಗಿಕ ಪರೀಕ್ಷೆ ಹತ್ತು ಗಂಟೆಗೆ. ಗಡಿಯಾರದಲ್ಲಿ ಆಗಲೇ ಒಂಬತ್ತೂವರೆ. ನಾನು ಆಗ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. 60 ಕಂಪ್ಯೂಟರುಗಳಲ್ಲಿ ಸುಮಾರು 20ಕ್ಕೆ ನಮ್ಮ ಸರ್ವರೂ ಕಾಣುತ್ತಿಲ್ಲ, ಪ್ರಿಂಟರೂ ಕಾಣುತ್ತಿಲ್ಲ. ಅವುಗಳ ಪಕ್ಕದಲ್ಲೇ ಇರುವ ಯಂತ್ರಗಳು ಏನೂ ಆಗದ ಹಾಗೆ ಕೆಲಸ ಮಾಡುತ್ತಿವೆ. ಕೇಬಲ್ ಕಿತ್ತು ಹಾಕಿದೆವು. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆವು. ಅದಾದ ಮೇಲೆ ಇನ್ನೂ ನಾಲ್ಕು ಯಂತ್ರಗಳು ಕೆಟ್ಟ ಸಾಲಿಗೆ ಸೇರಿದವು!

ಆ ಅರ್ಧ ಗಂಟೆಯಲ್ಲಿ ಏನಾಯಿತೆಂದು ಹೇಳುವ ಮೊದಲು, ಒಂದು ನೆಟ್‌ವರ್ಕಿನಲ್ಲಿ ಹೆಸರು ಮತ್ತು ವಿಳಾಸದ ವ್ಯವಹಾರ ಹೇಗೆ ನಡೆಯುತ್ತದೆಂದು ಹೇಳಬೇಕು.

ಕಂಪ್ಯೂಟರ್ ಆನ್ ಆದ ಕೂಡಲೇ ಅದಕ್ಕೆ ತನ್ನ ವಿಳಾಸ ಗೊತ್ತಿರುವುದಿಲ್ಲ. ಅದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ: ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ? ಡಿಎಚ್‌ಸಿಪಿ ಸರ್ವರ್ ಆ ಕೂಗಿಗೆ ಓಗೊಟ್ಟು ಒಂದು ವಿಳಾಸ ಕೊಡುತ್ತದೆ. ಅದು ಶಾಶ್ವತವಾಗಿ ಅಲ್ಲ, ಬಾಡಿಗೆಗೆ. ಬಾಡಿಗೆಯ ಅರ್ಧ ಅವಧಿ ಕಳೆಯುತ್ತಿದ್ದಂತೆ ಕಂಪ್ಯೂಟರ್ ಮತ್ತೆ ಹೋಗಿ ನವೀಕರಿಸಿಕೊಳ್ಳುತ್ತದೆ. ವಿಳಾಸದ ಜೊತೆಗೇ, ಹೆಸರು ವಿಚಾರಿಸಬೇಕಾದರೆ ಯಾರನ್ನು ಕೇಳಬೇಕು ಎಂಬುದನ್ನೂ ಸರ್ವರ್ ತಿಳಿಸಿರುತ್ತದೆ. ಆ ಹೆಸರಿನ ಸರ್ವರೇ ಡಿಎನ್ಎಸ್. ನಮ್ಮ ಬಾಯಿಗೆ ಬರುವುದು ಹೆಸರು, ಯಂತ್ರಕ್ಕೆ ಬೇಕಾದದ್ದು ಅಂಕಿ. ಹೆಸರು ಕೊಟ್ಟರೆ ಅಂಕಿ ಹುಡುಕಿಕೊಡುವುದು ಡಿಎನ್ಎಸ್ ಕೆಲಸ.

ಇಂಟರ್ನೆಟ್ಟಿನ ಬಾಲ್ಯದಲ್ಲಿ ಈ ಹೆಸರುಗಳೆಲ್ಲ ಒಂದೇ ಕಡತದಲ್ಲಿ ಇದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಕೈಯಾರೆ ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಉಳಿದವರೆಲ್ಲ ಹೊಸ ಪ್ರತಿ ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ರೂಪಿಸಿದರು. ಊರೂರಿನ ಲೆಕ್ಕವನ್ನು ಆಯಾ ಊರಿನವರೇ ಬರೆದಿಟ್ಟುಕೊಳ್ಳುವ ಏರ್ಪಾಡು ಅದು. ನಮ್ಮ ಲ್ಯಾಬಿನ ಲೆಕ್ಕ ಬರೆಯುವ ಹೊಣೆ ನನ್ನದಾಗಿತ್ತು.

ಮೊದಮೊದಲು ಆ ಲೆಕ್ಕವನ್ನು ಕಪ್ಪು ಪರದೆಯ ಮೇಲೆ ಬರೆಯುತ್ತಿದ್ದೆ. ಡಿಎನ್ಎಸ್ ನಡೆಸುವ ಬೈಂಡ್ ಎಂಬ ಹಳೆಯ, ಗಟ್ಟಿ ತಂತ್ರಾಂಶ. ಅದರ ಕಡತದಲ್ಲಿ ಪೂರ್ಣ ಹೆಸರಿನ ಕೊನೆಗೆ ಒಂದು ಚುಕ್ಕಿ ಇಡಬೇಕು. ಮರೆತರೆ, ಸರ್ವರ್ ಆ ಹೆಸರಿನ ಕೊನೆಗೆ ಡೊಮೇನಿನ, ಅಂದರೆ ನಮ್ಮ ಇಡೀ ನೆಟ್‌ವರ್ಕಿನ, ಹೆಸರನ್ನು ಇನ್ನೊಮ್ಮೆ ಅಂಟಿಸುತ್ತದೆ. ಆಗ ಆ ಹೆಸರಿನಲ್ಲಿ ಪ್ರಿಂಟರನ್ನು ಯಾರು ಕೇಳಿದರೂ ಸಿಗುವುದಿಲ್ಲ. ತಿದ್ದುಪಡಿ ಮಾಡಿದಾಗಲೆಲ್ಲ ಕಡತದ ಕ್ರಮಸಂಖ್ಯೆಯನ್ನು ಹೆಚ್ಚಿಸಬೇಕು. ಹೆಚ್ಚಿಸದಿದ್ದರೆ, ಕಡತದ ಪ್ರತಿ ಇಟ್ಟುಕೊಳ್ಳುವ ಎರಡನೆಯ ಸರ್ವರ್ ಹಳೆಯ ಪ್ರತಿಯನ್ನೇ ಹಿಡಿದು ಕೂರುತ್ತದೆ. ಈ ಎರಡು ತಪ್ಪುಗಳನ್ನು ಹುಡುಕುತ್ತಾ ನಾನು ಕಳೆದ ಸಂಜೆಗಳು ಕಡಿಮೆಯೇನಲ್ಲ.

ಆಮೇಲೆ ವೆಬ್‌ಮಿನ್ ಹಾಕಿಕೊಂಡೆ. ಜೇಮಿ ಕ್ಯಾಮರೂನ್ ಅವರು 1997ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಅದು. ಬ್ರೌಸರಿನಲ್ಲಿ ಸರ್ವರಿನ ವಿಳಾಸ ಬರೆದು 10000ನೆಯ ಪೋರ್ಟ್, ಅಂದರೆ ಸರ್ವರಿನ ಆ ಸಂಖ್ಯೆಯ ಬಾಗಿಲು, ಕೇಳಿದರೆ ಲಾಗಿನ್ ಪುಟ ಬರುತ್ತದೆ. ಒಳಗೆ ಹೋದರೆ ಡಿಎನ್ಎಸ್ಸಿಗೆ ಒಂದು ಪುಟ, ಡಿಎಚ್‌ಸಿಪಿಗೆ ಒಂದು ಪುಟ. ಹೆಸರು ತುಂಬಿ, ವಿಳಾಸ ತುಂಬಿ, ಸೇವ್ ಒತ್ತಿದರೆ ಕಡತ ಬರೆಯುವುದು, ಕ್ರಮಸಂಖ್ಯೆ ಏರಿಸುವುದು ಎಲ್ಲವನ್ನೂ ಅದೇ ಮಾಡುತ್ತದೆ. ವಿಳಾಸದಿಂದ ಹೆಸರು ಹುಡುಕುವ ತಿರುಗು ದಾಖಲೆಯನ್ನೂ ಜೊತೆಗೇ ಬರೆಯಲು ಅಲ್ಲೇ ಹೇಳಬಹುದು. ಒಂದು ಮಾತು ನೆನಪಿರಲಿ: ಸೇವ್ ಒತ್ತಿದ ಮಾತ್ರಕ್ಕೆ ಬದಲಾವಣೆ ಜಾರಿಗೆ ಬರುವುದಿಲ್ಲ, ಆಮೇಲೆ ಅಪ್ಲೈ ಒತ್ತಬೇಕು.

ಈಗ ಆ ಪರೀಕ್ಷೆಯ ಬೆಳಗಿಗೆ ಬರೋಣ. ನನ್ನ ಮೇಜಿನ ಮೇಲೆ ಡಿಎಚ್‌ಸಿಪಿ ಪುಟ ತೆರೆದು, ಸದ್ಯ ಯಾರ್ಯಾರಿಗೆ ವಿಳಾಸ ಕೊಟ್ಟಿದೆ ಎಂಬ ಬಾಡಿಗೆ ಪಟ್ಟಿ ನೋಡಿದೆ. ಕೆಟ್ಟುಹೋದ ಯಂತ್ರಗಳಲ್ಲಿ ಒಂದೂ ಅದರಲ್ಲಿಲ್ಲ. ಅಂದರೆ ಅವು ನಮ್ಮ ಸರ್ವರಿನಿಂದ ವಿಳಾಸ ಪಡೆದೇ ಇಲ್ಲ. ಹಾಗಿದ್ದರೆ ಅವುಗಳಿಗೆ ಕೊಟ್ಟವರು ಯಾರು? ಮೂರನೆಯ ಸಾಲಿನ ಒಂದು ಯಂತ್ರದ ಮುಂದೆ ಕುಳಿತು, ಅದರ ವಿಳಾಸದ ವಿವರವನ್ನೆಲ್ಲ ತೋರಿಸುವ ಐಪಿ ಕಾನ್ಫಿಗ್ ಸ್ಲ್ಯಾಶ್ ಆಲ್ ಎಂಬ ಆಜ್ಞೆ ಕೊಟ್ಟೆ. ವಿಳಾಸ ಕೊಟ್ಟ ಸರ್ವರ್ 192.168.0.1 ಎಂದು ತೋರಿಸಿತು. ನಮ್ಮದು 192.168.10.2. ಆ ಅಪರಿಚಿತ ಅಂಕಿಯನ್ನೇ ಬ್ರೌಸರಿನಲ್ಲಿ ಬರೆದೆ. ತೆರೆದುಕೊಂಡದ್ದು ಒಂದು ಮನೆಬಳಕೆಯ ವೈಫೈ ರೂಟರಿನ ಲಾಗಿನ್ ಪುಟ.

ಹುಡುಕಿದೆವು. ಕೊನೆಯ ಸಾಲಿನ ಮೇಜಿನ ಕೆಳಗೆ, ಗೋಡೆಯ ಬದಿಯಲ್ಲಿ, ಹಸಿರು ದೀಪ ಮಿನುಗಿಸುತ್ತಾ ಕುಳಿತಿತ್ತು. ಯಾರೋ ಮೊಬೈಲಿಗೆ ವೈಫೈ ಬೇಕೆಂದು ತಂದು, ಲ್ಯಾಬಿನ ಕೇಬಲನ್ನು ಇಂಟರ್ನೆಟ್ ತೂತಿಗೆ ಹಾಕುವ ಬದಲು ಪಕ್ಕದ, ಒಳಗಿನ ಯಂತ್ರಗಳಿಗೆಂದು ಇರುವ ಲ್ಯಾನ್ ತೂತಿಗೆ ಹಾಕಿದ್ದರು. ಅಷ್ಟೇ ಸಾಕಾಯಿತು. ಕಂಪ್ಯೂಟರ್ ಕೂಗಿದಾಗ ಮೊದಲು ಓಗೊಟ್ಟವರ ವಿಳಾಸವನ್ನು ಅದು ಒಪ್ಪಿಕೊಳ್ಳುತ್ತದೆ. ಕೆಲವಕ್ಕೆ ನಮ್ಮ ಸರ್ವರ್ ಮೊದಲು ಉತ್ತರಿಸಿತ್ತು, ಕೆಲವಕ್ಕೆ ಈ ಪುಟ್ಟ ಪೆಟ್ಟಿಗೆ. ನಾವು ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗ ಯಂತ್ರಗಳು ಮತ್ತೆ ಕೂಗಿದವು, ಇನ್ನೂ ನಾಲ್ಕು ಅದರ ಪಾಲಾದವು. ಕೇಬಲ್ ಕಿತ್ತೆ. ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಎಲ್ಲ ಯಂತ್ರಗಳೂ ಬಾಡಿಗೆ ಪಟ್ಟಿಗೆ ಬಂದಿದ್ದವು.

ನಿಮ್ಮ ಕಚೇರಿಯಲ್ಲೋ ಶಾಲೆಯಲ್ಲೋ ನೆಟ್‌ವರ್ಕಿನ ಕೇಬಲುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ಸಂರಚಿಸಲು ಬರುವಂಥದ್ದಾಗಿದ್ದರೆ, ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಸೌಲಭ್ಯ ಇರಬಹುದು. ನಾವು ಒಪ್ಪಿದ ಕೇಬಲ್ ತೂತಿನಿಂದಲ್ಲದೆ ಬೇರೆ ಕಡೆಯಿಂದ ಯಾರೂ ವಿಳಾಸ ಹಂಚದಂತೆ ಅದು ತಡೆಯುತ್ತದೆ. ದಯವಿಟ್ಟು ಅದನ್ನು ಆನ್ ಮಾಡಿಡಿ.

ವೆಬ್ ಪುಟ ಬಂದದ್ದರಿಂದ ನನಗೆ ದೊಡ್ಡದಾಗಿ ಕಂಡ ಲಾಭ ಸಮಯದ ಉಳಿತಾಯವಲ್ಲ. ಅಲ್ಲಿಯವರೆಗೆ ಆ ಲೆಕ್ಕ ಓದಬಲ್ಲವನು ನಾನೊಬ್ಬನೇ ಇದ್ದೆ. ನಾನು ರಜೆ ಹಾಕಿದರೆ ಲ್ಯಾಬ್ ದಿಕ್ಕೆಡುತ್ತಿತ್ತು. ಪುಟ ಬಂದ ಮೇಲೆ ನಮ್ಮ ಅಟೆಂಡರ್ ಕೂಡ ಬಾಡಿಗೆ ಪಟ್ಟಿ ಓದಲು ಕಲಿತರು. ವೆಬ್‌ಮಿನ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿ, ಯಾವ ಪುಟ ಕಾಣಬೇಕೆಂದು ನಿಗದಿಮಾಡಬಹುದು. ಅವರಿಗೆ ಡಿಎಚ್‌ಸಿಪಿ ಮತ್ತು ಡಿಎನ್ಎಸ್ ಮಾತ್ರ ಕೊಟ್ಟೆ. ಎಲ್ಲರೂ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ಅಭ್ಯಾಸ ನನಗೆ ಸರಿಬರುವುದಿಲ್ಲ. ಯಾರು ಏನು ಬದಲಿಸಿದರೆಂದು ನಾಳೆ ತಿಳಿಯಬೇಕಲ್ಲ.

ಆದರೆ ಇಂಥ ಪುಟವನ್ನು ಎಂದೂ ಇಂಟರ್ನೆಟ್ಟಿಗೆ ತೆರೆದಿಡಬಾರದು. ವೆಬ್‌ಮಿನ್ನಿನ 1.890 ಆವೃತ್ತಿಯಲ್ಲಿ ಯಾರೋ ಕದ್ದು ಹಿಂಬಾಗಿಲಿನ ಕೋಡ್ ಸೇರಿಸಿದ್ದು 2019ರ ಆಗಸ್ಟಿನಲ್ಲಿ ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಸರ್ವರಿಗೆ ಆಜ್ಞೆ ಕೊಡಬಹುದಾಗಿತ್ತು. 1.930ರಲ್ಲಿ ಅದನ್ನು ಸರಿಪಡಿಸಿದರು. ಹೊರಗಿನಿಂದ 10000ನೆಯ ಪೋರ್ಟ್ ಮುಚ್ಚಿಟ್ಟವರಿಗೆ ಆಗ ಹೊರಗಿನವರ ಭಯವಿರಲಿಲ್ಲ. ನಿಮ್ಮ ಮನೆಯ ರೂಟರಿಗೂ ಇದೇ ಮಾತು. ಅದೂ ಪುಟ್ಟ ಡಿಎಚ್‌ಸಿಪಿ ಸರ್ವರೇ, ಅದಕ್ಕೂ ವೆಬ್ ಪುಟವಿದೆ, ಕಂಪನಿ ಕೊಟ್ಟ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಇವತ್ತೇ ಬದಲಿಸಿ.

ಮನೆಯ ಆ ಪುಟದಲ್ಲಿ ನೋಡಿದರೆ ಒಂದೇ ಮೊಬೈಲ್ ಎರಡು ಮೂರು ಹೆಸರಿಲ್ಲದ ಸಾಲುಗಳಾಗಿ ಕಾಣಬಹುದು. ಗಾಬರಿ ಬೇಡ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ, ಆಪಲ್‌ನಲ್ಲಿ 2020ರಿಂದ, ಫೋನುಗಳು ತಮ್ಮ ನಿಜವಾದ ಮ್ಯಾಕ್ ಸಂಖ್ಯೆಯ, ಅಂದರೆ ತಯಾರಕರು ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆಯ, ಬದಲು ಕೃತಕ ಸಂಖ್ಯೆ ಹೇಳುತ್ತವೆ. ನಮ್ಮ ಜಾಡು ಹಿಡಿಯುವವರಿಗೆ ಅಡ್ಡಿಯಾಗಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು. ಆದರೆ ಹೊಸ ಸಂಖ್ಯೆ ಬಂದಾಗಲೆಲ್ಲ ಹೊಸ ವಿಳಾಸ ಖರ್ಚಾಗುತ್ತದೆ, ಸಾಮಾನ್ಯ ನೆಟ್‌ವರ್ಕಿನಲ್ಲಿ ರೂಟರಿನದೂ ಸೇರಿ ಇರುವುದು 254 ವಿಳಾಸ. ಫೋನುಗಳು ಬಂದುಹೋಗುವ ಕಡೆ ಬಾಡಿಗೆ ಅವಧಿಯನ್ನು ದಿನಗಟ್ಟಲೆ ಇಡಬೇಡಿ, ಒಂದೆರಡು ಗಂಟೆ ಸಾಕು.

ಹೆಸರಿಡುವ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಳಗಿನ ಡೊಮೇನಿಗೆ ಡಾಟ್ ಲೋಕಲ್ ಎಂದು ಇಟ್ಟಿದ್ದೆ. ಸರ್ವರ್ ಇಲ್ಲದೆಯೇ ಸಾಧನಗಳು ಒಂದನ್ನೊಂದು ಹುಡುಕುವ ಬೇರೊಂದು ಪದ್ಧತಿಗೆ ಆ ಹೆಸರು ಮೀಸಲು. ಆಪಲ್‌ನ ಮ್ಯಾಕ್ ಕಂಪ್ಯೂಟರುಗಳು ನಮ್ಮ ಸರ್ವರನ್ನು ಕೇಳದೆ ಬೇರೆಡೆ ಹುಡುಕುತ್ತಿದ್ದವು. ಈಗ ಶುರುಮಾಡುವವರಿಗೆ ಡಾಟ್ ಇಂಟರ್ನಲ್ ಇದೆ. ಖಾಸಗಿ ಬಳಕೆಗೆಂದೇ, ಇಂಟರ್ನೆಟ್ಟಿನ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಐಕ್ಯಾನ್ 2024ರಲ್ಲಿ ಅದನ್ನು ಮೀಸಲಿಟ್ಟಿದೆ.

ಕನ್ನಡದಲ್ಲೂ ಹೆಸರಿಡಬಹುದು. ಡಾಟ್ ಭಾರತ ಎಂಬುದು ಕನ್ನಡ ಲಿಪಿಯಲ್ಲೇ ಜಾಗತಿಕ ಡಿಎನ್ಎಸ್ಸಿನಲ್ಲಿದೆ. ಸರ್ವರಿನ ಒಳಗೆ ಮಾತ್ರ ಅದು ಎಕ್ಸ್, ಎನ್, ಎರಡು ಅಡ್ಡಗೆರೆ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲಾಗಿ ಕೂರುತ್ತದೆ. ನಮ್ಮ ಲ್ಯಾಬಿನ ಒಳಗೆ ನಾನು ಇಂಗ್ಲಿಷ್ ಅಕ್ಷರಗಳಲ್ಲೇ ನದಿಗಳ ಹೆಸರಿಟ್ಟೆ. ಸರ್ವರ್ ಕಾವೇರಿ, ಪ್ರಿಂಟರ್ ತುಂಗಾ. ಕೋಣೆಯ ಸಂಖ್ಯೆಯನ್ನು ಹೆಸರಾಗಿ ಇಟ್ಟರೆ ಯಂತ್ರ ಕೋಣೆ ಬದಲಿಸಿದ ದಿನ ಹೆಸರು ಸುಳ್ಳಾಗುತ್ತದೆ.

ಹಳೆಯ ತುಂಗಾ ಕೆಟ್ಟು ಹೊಸ ಪ್ರಿಂಟರ್ ಬಂದ ದಿನ ಅಟೆಂಡರೇ ಪುಟ ತೆರೆದು ಕುಳಿತರು. ಪ್ರಿಂಟರಿನ ಬೆನ್ನಿನ ಚೀಟಿಯಿಂದ ಬರೆದುಕೊಂಡು ಬಂದ ಮ್ಯಾಕ್ ಸಂಖ್ಯೆಯನ್ನು ಜೋಡಿ ಜೋಡಿಯಾಗಿ ಓದುತ್ತಾ ಹಳೆಯದರ ಜಾಗದಲ್ಲಿ ತುಂಬಿದರು. ಪ್ರಿಂಟರಿನ ಮ್ಯಾಕ್ ಸಂಖ್ಯೆಗೆ ಒಂದು ವಿಳಾಸವನ್ನು ಕಾಯಂ ಮಾಡಿಟ್ಟಿದ್ದೆವು. ಹೆಸರು ಅದೇ, ವಿಳಾಸವೂ ಅದೇ. "ಸಾರ್, ಅಪ್ಲೈ ಒತ್ತಲಾ?" ಎಂದರು. ಕೊನೆಯ ಜೋಡಿಯನ್ನು ಚೀಟಿಯೊಡನೆ ಇನ್ನೊಮ್ಮೆ ಹೋಲಿಸಿ "ಒತ್ತಿ" ಎಂದೆ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ ಬಂದು, ಒಂದು ಪುಟ ಕಳಿಸಿದರು. ಪಕ್ಕದ ಕೋಣೆಯಿಂದ ತುಂಗಾ ಕಾಗದ ಎಳೆದುಕೊಳ್ಳುವ ಸದ್ದು ಕೇಳಿಸಿತು.

ನಮಸ್ಕಾರ.