ಒಂದು ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಮನೆಯ ಹಿರಿಯರನ್ನು ಏನೋ ಹಳೇದು ಕೇಳುತ್ತೀರಿ. ಅವರು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕೇಳುತ್ತೀರಿ. ಆಮೇಲೆ ‘ಅಜ್ಜಂಗೆ ಅರಳುಮರಳು’ ಅಂತ ನೀವೇ ತೀರ್ಪು ಕೊಟ್ಟುಬಿಡುತ್ತೀರಿ. ದಯವಿಟ್ಟು ಬೇಡ. ಒಂದು ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ. ಇವತ್ತು ನಾನು ಹೇಳೋದು ಇಷ್ಟೇ.

ಬದುಕಿನ ನೆನಪುಗಳು ಅಟ್ಟದ ಮೇಲಿನ ಸಾಮಾನಿದ್ದ ಹಾಗೆ, ಎಷ್ಟಾದರೂ ಹಿಡಿಯುತ್ತೆ. ಇಳಿಸಿಟ್ಟು ನೋಡೋ ಜಾಗ ಮಾತ್ರ ಮಣೆಯಷ್ಟಗಲ. ಆ ಮಣೆಗೆ ಮನಶ್ಶಾಸ್ತ್ರದಲ್ಲಿ ಕಾರ್ಯಸ್ಮೃತಿ ಅಂತಾರೆ. ಅದರಲ್ಲಿ ಸುಮಾರು ಏಳು ಸಂಗತಿ ಹಿಡಿಯುತ್ತವೆ ಅಂತ 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕಕ್ಕೆ ಇಳಿಸಿದರು. ನಾಲ್ಕೇ! ಏನು ಹುಡುಕುತ್ತಿದ್ದೇನೆ, ಎಲ್ಲಿವರೆಗೆ ಬಂದೆ ಅನ್ನೋದೂ ಅದರಲ್ಲೇ ಕೂರಬೇಕು.

ಸಕಲೇಶಪುರದ ಕಡೆ ಒಂದು ಮನೆ ಅಂದುಕೊಳ್ಳಿ. ಆನೆ ನುಗ್ಗಿ ಬಾಳೆ, ಗದ್ದೆ ತುಳಿದಿವೆ. ಪರಿಹಾರದ ಅರ್ಜಿ ಬರೆದುಕೊಳ್ಳೋಕೆ ಯಾರೋ ಬಂದಿದ್ದಾರೆ. ‘ಯಾವತ್ತು ಬಂದ್ವು? ಎಷ್ಟಿದ್ವು? ಬಾಳೆ ಎಷ್ಟು ಹೋಯ್ತು? ಪಹಣಿ ಎಲ್ಲಿ?’ ನಡುವೆ ಅವರ ಫೋನು ಬೇರೆ ಬಡ್ಕೊಳ್ಳುತ್ತೆ. ಯಜಮಾನರು ತಲೆ ಕೆರೆದುಕೊಂಡು, ‘ಆನೆ ಬತ್ತಾನೇ ಇರ್ತವೆ ಸಾಮಿ, ವರ್ಸಾವರ್ಸ’ ಅಂತಾರೆ. ಬಂದವರಿಗೆ ಅನುಮಾನ, ಈತ ಸುಳ್ಳು ಹೇಳ್ತಿದ್ದಾನಾ ಅಂತ.

ಸುಳ್ಳಲ್ಲ. ಅವರು ಮೆಟ್ಟಿಲ ಮಧ್ಯದಲ್ಲಿ ನಿಂತಿದ್ದಾರೆ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಕಾನ್ವೇ ವಿವರಿಸಿದ ಪ್ರಕಾರ ನೆನಪಿಗೆ ಮೂರು ಮೆಟ್ಟಿಲು: ಮೊದಲು ಬದುಕಿನ ಆ ಕಾಲ, ಆಮೇಲೆ ಅಂಥ ಘಟನೆಗಳು, ಕೊನೆಗೆ ಆ ಒಂದು ರಾತ್ರಿಯ ಸದ್ದು, ಬಣ್ಣ. ಇಳಿಯುತ್ತಿರುವಾಗ ಮಣೆ ಮೇಲೆ ಎರಡನೇ ಪ್ರಶ್ನೆ ಬಿದ್ದರೆ ಮನಸ್ಸು ‘ವರ್ಸಾವರ್ಸ’ದಲ್ಲೇ ನಿಲ್ಲುತ್ತೆ.

ಅದೇ ಯಜಮಾನರನ್ನು ಹೀಗೆ ಕೇಳಿ ನೋಡಿ: ‘ಆವತ್ತು ಎಚ್ಚರ ಆದಾಗ ಮೊದಲು ಏನು ಕೇಳಿಸ್ತು?’ ಕೇಳಿ ಬಾಯಿ ಮುಚ್ಚಿ. ಹತ್ತು ಸೆಕೆಂಡು ಏನೂ ಬರಲ್ಲ. ಆಗಲೇ ನಿಮಗೆ ‘ಮೂರಾನೆ ಅಲ್ವಾ?’ ಅನ್ನೋ ಚಪಲ. ಅನ್ನಬೇಡಿ, ಆ ಮೂರು ಅವರ ನೆನಪಿಗೇ ಸೇರಿಹೋಗಬಹುದು. ಕಾಯಿರಿ. ‘ನಾಯಿ ಬೊಗಳ್ಲೇ ಇಲ್ಲ, ಮಂಚದ ಕೆಳಗೆ ಸೇರಿತ್ತು... ಬಾಳೆ ಲಟಲಟ ಮುರೀತಿತ್ತು... ಮನೇಲಿ ನಾನೊಬ್ನೇ, ನಮ್ಮೋಳು ದೀಪಾವಳಿ ಮುಗಿಸ್ಕೊಂಡು ಹಿಂದಿನ ದಿನ ತವರಿಗೆ ಹೋಗಿದ್ಲು...’ ನೋಡಿ, ತಾರೀಕು ಕೇಳದೇನೇ ತಾರೀಕು ಹತ್ತಿರ ಬಂತು! ಆನೆ ಎಷ್ಟು ಅನ್ನೋದು ಇದಾದ ಮೇಲಿನ ಪ್ರಶ್ನೆ.

ಆನೆ ಹಿಂದೆ ಹೋಗಿ ನನ್ನ ಸಮಯವೆಲ್ಲ ಆಯ್ತು. ಉಳಿದದ್ದು ಬೇಗ ಹೇಳುತ್ತೇನೆ. ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರು ಒಂದು ನೆನಪಿಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಕೊಡುತ್ತಾರೆ, ನೀವೂ ಅರ್ಧ ನಿಮಿಷವಾದರೂ ಕೊಡಿ. ಟಿವಿ ಆರಿಸಿ. ಕಣ್ಣು ಮುಚ್ಚಿಕೊಳ್ಳೋಕೆ ಹೇಳಿ, ನೋಡುವ ಕೆಲಸ ತಪ್ಪಿದರೆ ಮಣೆ ಖಾಲಿಯಾಗುತ್ತೆ. ಚಿಂತೆಯೂ ಮಣೆ ಮೇಲೆ ಕೂರುತ್ತೆ. ಖಿನ್ನತೆ ಇರುವವರು ‘ಯಾವಾಗಲೂ ಹಂಗೇ’ ಅಂತ ಉತ್ತರಿಸಿದರೆ ಅಸಡ್ಡೆ ಅಂದುಕೊಳ್ಳಬೇಡಿ, ಇನ್ನೂ ನಿಧಾನವಾಗಿ ಕೇಳಿ. ಒಂದೇ ಪ್ರಶ್ನೆ, ನೆನಪಿರಲಿ. ಕಾಫಿ ಹೂವಿನ ವಾಸನೆಗೆ ತಟ್ಟನೆ ಬರುವ ನೆನಪಿದೆಯಲ್ಲ, ಅದಕ್ಕೆ ಹುಡುಕಾಟವೇ ಬೇಕಿಲ್ಲ, ಅದರ ದಾರಿ ಬೇರೆ.

ನಂಬಿಕೆ ಬಾರದಿದ್ದರೆ ಈಗಲೇ ನೋಡಿ. ನೂರರಿಂದ ಮೂರು ಮೂರು ಕಳೆಯುತ್ತಾ ಬನ್ನಿ: 97, 94, 91. ಎಣಿಸುತ್ತಲೇ, ಕಳೆದ ಸಲ ಮಳೆಯಲ್ಲಿ ತೊಯ್ದು ಮನೆಗೆ ಬಂದ ದಿನವನ್ನು ನೆನೆಸಿಕೊಳ್ಳಿ. ಒಂದೋ ಲೆಕ್ಕ ತಪ್ಪುತ್ತೆ, ಇಲ್ಲ ಮಳೆ ಮಸುಕಾಗುತ್ತೆ. ಎಣಿಕೆ ನಿಲ್ಲಿಸಿ ಮತ್ತೆ ಹುಡುಕಿ. ಹಾಂ, ರೇಡಿಯೋ ಆರಿಸಿಕೊಂಡೇ ಹುಡುಕಿ, ನನ್ನ ಮಾತೂ ಜಾಗ ತಿನ್ನುತ್ತೆ. ನಮಸ್ಕಾರ.