ಕೊರೋನಾ ವೈರಸ್‌ಗೆ ಕೆಂಪು ಬಣ್ಣ ಬಳಿದವರು ಯಾರು?

ನಮಸ್ಕಾರ. ಕೊರೋನಾ ವೈರಸ್‌ನ ನಿಜವಾದ ಬಣ್ಣ ಯಾವುದು ಎಂಬ ಪ್ರಶ್ನೆಯನ್ನು ಈ ಸಲ ಕೈಗೆತ್ತಿಕೊಂಡಿದ್ದೇವೆ. ಬೂದು ಬಣ್ಣದ ಚೆಂಡು, ಅದರ ಮೈತುಂಬ ಕೆಂಪು ಮೊಗ್ಗುಗಳು, ಟಿ.ವಿ. ಪರದೆಯಿಂದ ಹಿಡಿದು ಚೆನ್ನೈ ಪೊಲೀಸರ ಹೆಲ್ಮೆಟ್‌ವರೆಗೆ ಎಲ್ಲೆಲ್ಲೂ ಕಾಣಿಸಿಕೊಂಡ ಆ ರೂಪವನ್ನು ಮರೆತವರು ಯಾರೂ ಇರಲಿಕ್ಕಿಲ್ಲ.

[ಪರದೆಯ ಮೇಲೆ: ಬೂದು ಚೆಂಡು, ಕೆಂಪು ಸ್ಪೈಕ್‌ಗಳು]

ಉತ್ತರ ಚಿಕ್ಕದು: ಅದಕ್ಕೆ ನಾವು ನೋಡಬಹುದಾದ ಬಣ್ಣವೇ ಇಲ್ಲ. ವೈರಸ್‌ನ ಅಡ್ಡಳತೆ ಸುಮಾರು 100 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಅಂಥ ಬೆಳಕಿನಿಂದ ಇಷ್ಟು ಸಣ್ಣ ವಸ್ತುವಿನ ಆಕಾರವನ್ನು ಗುರುತಿಸುವುದೆಂದರೆ ಅಕ್ಕಿ ಜರಡಿಯಲ್ಲಿ ಮೈದಾಹಿಟ್ಟನ್ನು ಹಿಡಿಯಲು ಹೊರಟಂತೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಡುವುದು ಕಪ್ಪು ಬಿಳುಪಿನ ಮಸುಕು ಚಿತ್ರವನ್ನು ಮಾತ್ರ. ಕೆಂಪನ್ನು ಆರಿಸಿದವರು ಅಲಿಸಾ ಎಕರ್ಟ್ ಮತ್ತು ಡ್ಯಾನ್ ಹಿಗ್ಗಿನ್ಸ್ ಎಂಬ ಇಬ್ಬರು ವೈದ್ಯಕೀಯ ಚಿತ್ರಕಾರರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯಲ್ಲಿದ್ದ ಅವರು ಈ ಚಿತ್ರವನ್ನು 2020ರ ಜನವರಿಯಲ್ಲಿ, ಸುಮಾರು ಒಂದು ವಾರದಲ್ಲಿ ಸಿದ್ಧಪಡಿಸಿದರು. ಹೀಗೂ ಒಂದು ವೃತ್ತಿ ಇದೆಯೇ ಎಂದು ಕೇಳುವವರಿಗೆ ಒಂದೇ ಮಾತು: ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಮ್ಯಾಕ್ಸ್ ಬ್ರೋಡೆಲ್ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ವಿಭಾಗವನ್ನು ಆರಂಭಿಸಿದ್ದು 1911ರಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಣ್ಣಕ್ಕಿಂತ ಹೆಚ್ಚಾಗಿ ಆ ಮೊಗ್ಗುಗಳು, ಅಂದರೆ ಸ್ಪೈಕ್ ಪ್ರೋಟೀನ್‌ಗಳು. ಪ್ರಸಿದ್ಧ ಚಿತ್ರದಲ್ಲಿ ಅವು ಒತ್ತೊತ್ತಾಗಿ, ಕವಾಯತಿಗೆ ನಿಂತವರಂತೆ ನೆಟ್ಟಗೆ ನಿಂತಿವೆ. 2020ರ ಉತ್ತರಾರ್ಧದಲ್ಲಿ ವಿಜ್ಞಾನಿಗಳು ವೈರಸ್ ಕಣಗಳನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಒಂದು ಕಣದ ಮೇಲೆ ಇರುವುದು ಸರಾಸರಿ 25ರ ಆಸುಪಾಸಿನ ಸ್ಪೈಕ್‌ಗಳೆಂದೂ, ಅವು ಬೇರೆ ಬೇರೆ ದಿಕ್ಕಿಗೆ ವಾಲಿಕೊಂಡಿರುತ್ತವೆಂದೂ ತಿಳಿದುಬಂತು. ಪ್ರತಿಯೊಂದರ ಕಾಂಡದಲ್ಲಿ ಮೂರು ಕೀಲುಗಳಿದ್ದವು. ಸಂಶೋಧಕರು ಅವುಗಳನ್ನು ಸೊಂಟ, ಮೊಣಕಾಲು, ಕಣಕಾಲು ಎಂದು ಕರೆದರು. ಸೊಂಟ ಬಳುಕಿಸುವ ವೈರಸ್ ಎಂದರೆ ನಮ್ಮ ಸಿನಿಮಾದವರಿಗೆ ಒಂದು ಹಾಡಿನ ಸಾಮಗ್ರಿ. ಆದರೆ ಆ ಬಳುಕಿಗೂ ಅರ್ಥವಿದೆ: ಎತ್ತ ಬೇಕಾದರೂ ತಿರುಗಬಲ್ಲ ಸ್ಪೈಕ್‌ಗೆ ಜೀವಕೋಶದ ಮೇಲಿನ ಗ್ರಾಹಕವನ್ನು, ಅಂದರೆ ತಾನು ಕಚ್ಚಿಕೊಳ್ಳುವ ತಾಣವನ್ನು, ಹುಡುಕಿ ಅಂಟಿಕೊಳ್ಳುವುದು ಸುಲಭವಾಗುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಇದನ್ನು ನಿಂತ ಚಿತ್ರ ಹೇಳಲಾರದು. ಅನಿಮೇಷನ್ ಒಂದೇ ನೋಟದಲ್ಲಿ ಹೇಳುತ್ತದೆ.

[ಅನಿಮೇಷನ್: ಸ್ಪೈಕ್ ಮೂರು ಕೀಲುಗಳಲ್ಲಿ ಬಾಗುತ್ತದೆ]

ಹಾಗಾದರೆ ಮೊದಲ ಚಿತ್ರ ತಪ್ಪೇ? ನನ್ನ ಲೆಕ್ಕದಲ್ಲಿ ಅಲ್ಲ. ಶತ್ರುವಿಗೆ ಒಂದು ಮುಖ ಕೊಡುವುದು ಅದರ ಕೆಲಸವಾಗಿತ್ತು, ಆ ಕೆಲಸವನ್ನು ಅದು ಮಾಡಿತು. ನನ್ನ ತಕರಾರು ಇರುವುದು ಅದನ್ನು ಎಲ್ಲದಕ್ಕೂ ಅಂಟಿಸಿದವರ ಮೇಲೆ. ಮನೆಯಲ್ಲಿದ್ದವರ ಪ್ರಶ್ನೆ ಇದು ಹೇಗೆ ಹರಡುತ್ತದೆ, ಕಿಟಕಿ ತೆರೆಯಬೇಕೇ, ಮಾಸ್ಕ್ ಮೂಗಿನ ಮೇಲಿರಬೇಕೇ ಎಂಬುದಾಗಿತ್ತು. ಅದಕ್ಕೆ ಕೆಂಪು ಚೆಂಡಿನಲ್ಲಿ ಉತ್ತರವಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬರ ಉಸಿರು ಹೊಗೆಯಂತೆ ತುಂಬಿಕೊಳ್ಳುವುದನ್ನು ತೋರಿಸುವ ಅರ್ಧ ನಿಮಿಷದ ಅನಿಮೇಷನ್‌ನಲ್ಲಿ ಇತ್ತು.

ಉಬ್ಬಸಕ್ಕೆ ಬಳಸುವ ಒತ್ತುವ ಇನ್ಹೇಲರ್‌ನದೂ ಇದೇ ಕಥೆ. ಅದನ್ನು ಕುಲುಕಿ, ಉಸಿರನ್ನು ಹೊರಬಿಟ್ಟು, ನಿಧಾನವಾಗಿ ಒಳಗೆಳೆದುಕೊಳ್ಳಲು ಆರಂಭಿಸಿದ ಕ್ಷಣದಲ್ಲೇ ಒತ್ತಬೇಕು. ಆಮೇಲೆ ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಒತ್ತುವುದು ಸ್ವಲ್ಪ ಹಿಂದುಮುಂದಾದರೂ ಔಷಧದ ಹೆಚ್ಚಿನ ಪಾಲು ಬಾಯಿ ಗಂಟಲಲ್ಲೇ ಉಳಿಯುತ್ತದೆ. ಪೆಟ್ಟಿಗೆಯೊಳಗಿನ ಮಡಿಕೆ ಕಾಗದದಲ್ಲಿ ನಾಲ್ಕು ಚೌಕಗಳಿರಬಹುದು, ಆದರೆ ಚೌಕಗಳ ನಡುವಿನ ಸಮಯವನ್ನು ಯಾರು ಬರೆಯಬೇಕು?

ಸಮಯ ಎಂದ ಕೂಡಲೇ ನೆನಪಾಯಿತು, ನಮ್ಮ ನಿಮಿಷಗಳೂ ಮುಗಿಯುತ್ತಿವೆ. ವೈದ್ಯಕೀಯ ಚಿತ್ರಗಳ ಬಗ್ಗೆ ಉಳಿದ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

[ಪರದೆಯ ಮೇಲೆ: ಚೇಳು]

2009ರ ಮೇ 31ರಿಂದ ಭಾರತದಲ್ಲಿ ತಂಬಾಕು ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರ ಕಡ್ಡಾಯವಾದಾಗ, ಜಗಿಯುವ ತಂಬಾಕಿಗೆ ಕೊಟ್ಟದ್ದು ಚೇಳಿನ ಚಿತ್ರ. ಹುಲಿ, ಆನೆ, ದೇವರು ಎಲ್ಲವೂ ವ್ಯಾಪಾರಮುದ್ರೆಯಾಗಿರುವ ದೇಶದಲ್ಲಿ ಚೇಳು ಬಾಯಿ ಕ್ಯಾನ್ಸರನ್ನು ಸೂಚಿಸುತ್ತದೆ ಎಂದು ಯಾರಾದರೂ ಊಹಿಸುವುದು ಹೇಗೆ? 2011ರ ಡಿಸೆಂಬರ್‌ನಲ್ಲಿ ಚೇಳು ಹೋಗಿ ರೋಗಪೀಡಿತ ಬಾಯಿಯ ಚಿತ್ರಗಳು ಬಂದವು. 2016ರಲ್ಲಿ ಅವು ಪೊಟ್ಟಣದ ಶೇ 85 ಭಾಗಕ್ಕೆ ಹಿಗ್ಗಿದವು. ಆ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಎರಡನೆಯದು ಚರ್ಮದ ಬಣ್ಣ. ನೈಜೀರಿಯದ ವೈದ್ಯಕೀಯ ಚಿತ್ರಕಾರ ಚಿದಿಯೆಬೆರೆ ಇಬೆ ಬರೆದ ಕಪ್ಪು ತಾಯಿ ಮತ್ತು ಕಪ್ಪು ಭ್ರೂಣದ ಚಿತ್ರ 2021ರ ಕೊನೆಯಲ್ಲಿ ಜಗತ್ತಿನಾದ್ಯಂತ ಹರಿದಾಡಿದಾಗ, ಅಂಥದ್ದನ್ನು ತಾವು ಈವರೆಗೆ ಕಂಡೇ ಇಲ್ಲ ಎಂದು ಎಷ್ಟೋ ಮಂದಿ ಬರೆದರು. ಇದು ಅಂದಚೆಂದದ ಪ್ರಶ್ನೆಯಷ್ಟೇ ಅಲ್ಲ. ಬಿಳಿ ಚರ್ಮದಲ್ಲಿ ಕೆಂಪಗೆ ಕಾಣುವ ದದ್ದು ಗಾಢ ಬಣ್ಣದ ಚರ್ಮದಲ್ಲಿ ನೇರಳೆ ಅಥವಾ ಕಂದಾಗಿ ಕಾಣಬಹುದು. ಆಮ್ಲಜನಕ ಕಡಿಮೆಯಾದಾಗಿನ ನೀಲಿ ಛಾಯೆಯನ್ನು ಅಂಥವರ ಕೆನ್ನೆಯಲ್ಲಿ ಹುಡುಕಿ ಪ್ರಯೋಜನವಿಲ್ಲ, ತುಟಿ, ನಾಲಿಗೆ ಮತ್ತು ಉಗುರಿನ ಬುಡದಲ್ಲಿ ನೋಡಬೇಕು.