ಧ್ವನಿ ನಿಂತ ಮೇಲೂ ಉಳಿಯುವ ತೊಡಕು

(ವಿಶ್ವ ಸ್ಕಿಜೋಫ್ರೇನಿಯಾ ದಿನದ ಅಂಗವಾಗಿ ಬಳ್ಳಾರಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

ಮಾನ್ಯರೆ,

ಮೇ ತಿಂಗಳ ಬಳ್ಳಾರಿಯಲ್ಲಿ, ಅದೂ ಊಟವಾದ ಮೇಲೆ, ಮಿದುಳಿನ ಬಗ್ಗೆ ಮಾತನಾಡಲು ಒಪ್ಪಿಕೊಂಡವನ ಮಿದುಳನ್ನೇ ಮೊದಲು ಪರೀಕ್ಷಿಸಬೇಕು. ಆದರೂ ಒಪ್ಪಿಕೊಂಡೆ, ಏಕೆಂದರೆ ಈ ಮಾತನ್ನು ಆಡಲು ಇದಕ್ಕಿಂತ ಸೂಕ್ತವಾದ ಊರಿಲ್ಲ. 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿದ್ದು ಇದೇ ಜಿಲ್ಲೆಯಲ್ಲಿ; 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾದದ್ದು ‘ಬಳ್ಳಾರಿ ಮಾದರಿ’. ಅದರಿಂದ ಮಾತ್ರೆ ಹಳ್ಳಿಯವರೆಗೆ ಬಂದಿತು. ನನ್ನ ತಕರಾರು ಮಾತ್ರೆಯ ಬಗ್ಗೆ ಅಲ್ಲ. ಮಾತ್ರೆ ಕೊಟ್ಟ ನಂತರ ನಾವು ಕೇಳದೆ ಬಿಡುವ ಪ್ರಶ್ನೆಯ ಬಗ್ಗೆ.

ಹಲವು ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನ ಬಳಿ ಬಂದಿದ್ದ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ, ಕಟಿಂಗ್ ಆದ ಬಟ್ಟೆಯ ಬಂಡಲುಗಳನ್ನು ಅಳತೆವಾರು ಟೈಲರುಗಳಿಗೆ ಹಂಚುವುದು ಅವನ ಕೆಲಸ. ಯಾರಿಗೆ 30ರ ಅಳತೆಯ ಎಷ್ಟು ಪೀಸು ಹೋಗಿದೆ, ಯಾರಿಂದ 34ರದ್ದು ಎಷ್ಟು ವಾಪಸು ಬರಬೇಕು ಎಂಬುದನ್ನು ಚೀಟಿಯಿಲ್ಲದೆ ಹೇಳುತ್ತಿದ್ದನಂತೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗೋಡೆಯಾಚೆಯಿಂದ ಜನ ತನ್ನನ್ನು ಬಯ್ಯುವುದು ಅವನಿಗೆ ಕೇಳಿಸತೊಡಗಿತು. ಇಲ್ಲದ ಧ್ವನಿ ಕೇಳಿಸುವ, ಯೋಚನೆ ಕದಡುವ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಅದು. ಚಿಕಿತ್ಸೆ ಆರಂಭಿಸಿದೆವು, ಎರಡು ತಿಂಗಳಲ್ಲಿ ಧ್ವನಿಗಳು ನಿಂತವು, ನಾನು ಕಡತದಲ್ಲಿ ‘ಗುಣಮುಖ’ ಎಂದು ಬರೆದು ಹೆಮ್ಮೆಯಿಂದ ಪೆನ್ನು ಮುಚ್ಚಿದೆ. ಅವನ ತಾಯಿ ಮಾತ್ರ ಎದ್ದು ಹೋಗಲಿಲ್ಲ. “ಕಿವ್ಯಾಗ ಮಾತು ಕೇಳ್ಸೋದು ನಿಂತೈತ್ರಿ ಸಾಹೇಬ್ರ, ಆದ್ರ ನನ್ ಮಗ ಇನ್ನೂ ಮೊದಲಿನಂಗ ಆಗಿಲ್ರಿ” ಎಂದರು. ಸಕ್ಕರೆ, ಚಹಾಪುಡಿ, ಸಾಸಿವೆ ತರಲು ಕಳುಹಿಸಿದರೆ ಸಕ್ಕರೆಯೊಂದನ್ನೇ ತರುತ್ತಾನೆ, ಇಲ್ಲವೇ ಅಂಗಡಿಯ ಮುಂದೆ ಸುಮ್ಮನೆ ನಿಂತಿರುತ್ತಾನೆ. ಕೆಲಸಕ್ಕೆ ಹೋದರೆ ಬಂಡಲುಗಳು ಅದಲುಬದಲಾಗುತ್ತವೆ. ಮಾಲೀಕರು ಅವನನ್ನು ಸೋಮಾರಿ ಎಂದರು, ಅಣ್ಣನೂ ಅದನ್ನೇ ಹೇಳಿದ. ಮನೋವೈದ್ಯನಾದ ನಾನು ಸಹ “ಸ್ವಲ್ಪ ಚುರುಕಾಗಬೇಕಪ್ಪ” ಎಂದು ಉಪದೇಶ ಮಾಡಿ ಕಳುಹಿಸಿದೆ. ಆ ಉಪದೇಶಕ್ಕಾಗಿ ಇಂದಿಗೂ ನಾಚುತ್ತೇನೆ.

ಮುಂದಿನ ಭೇಟಿಯಲ್ಲಿ, ತಡವಾಗಿಯಾದರೂ, ಮೂರು ಅಂಕಿಗಳನ್ನು ಹೇಳಿ ತಿರುಗಿ ಹೇಳಿಸಿದೆ. ಹೇಳಿದ ಕ್ರಮದಲ್ಲಿ ಹೇಳಿದ. ಹಿಂದುಮುಂದಾಗಿ ಹೇಳು ಎಂದಾಗ ಎರಡನೆಯ ಅಂಕಿಗೆ ಬರುವಷ್ಟರಲ್ಲಿ ಉಳಿದದ್ದು ಜಾರಿಹೋಗಿತ್ತು. ಅವನ ಹಣೆಯ ಮೇಲೆ ಬೆವರಿತ್ತು. ಸೋಮಾರಿಗೆ ಬೆವರು ಬರುವುದಿಲ್ಲ.

ಅವನಿಂದ ಜಾರುತ್ತಿದ್ದದ್ದನ್ನು ಕಾರ್ಯಸ್ಮೃತಿ ಎನ್ನುತ್ತೇವೆ. ಕೆಲಸ ಮುಗಿಯುವವರೆಗೆ ವಿಷಯವನ್ನು ಮನಸ್ಸಿನಲ್ಲಿ ಹಿಡಿದು, ತಿರುವಿ ಹಾಕುವ ಶಕ್ತಿ ಅದು. ಪ್ಯಾಟ್ರಿಷಿಯಾ ಗೋಲ್ಡ್‌ಮನ್-ರಾಕಿಕ್ ಎಂಬ ವಿಜ್ಞಾನಿ ಕೋತಿಗಳಲ್ಲಿ ಇದನ್ನು ತೋರಿಸಿದರು: ಗುರುತು ಕಣ್ಮರೆಯಾದ ಮೇಲೂ, ಉತ್ತರ ಕೊಡುವ ಕ್ಷಣದವರೆಗೆ, ಹಣೆಯ ಹಿಂಭಾಗದ ಮಿದುಳಿನ ಕೆಲವು ನರಕೋಶಗಳು ಮಿಡಿಯುತ್ತಲೇ ಇರುತ್ತವೆ. ಒಂಟಿ ಕೋಶಕ್ಕೆ ಇದು ಕಷ್ಟ. ಅವು ಒಂದನ್ನೊಂದು ಎಚ್ಚರವಾಗಿಟ್ಟುಕೊಳ್ಳುವುದು ಸಿನ್ಯಾಪ್ಸ್ ಎಂಬ ಸಂಧಿಗಳ ಮೂಲಕ. ಇಂಥ ಸಂಧಿಗಳಲ್ಲಿ ಬಹುಪಾಲು ಇರುವುದು ನರಕೋಶದ ಕವಲುಗಳ ಮೇಲಿನ ಸೂಕ್ಷ್ಮ ಮುಳ್ಳುಗಳಲ್ಲಿ. 2000ರಲ್ಲಿ ಗ್ಲಾಂಟ್ಸ್ ಮತ್ತು ಲೂಯಿಸ್ ಎಂಬ ಸಂಶೋಧಕರು, ಸ್ಕಿಜೋಫ್ರೇನಿಯಾ ಇದ್ದು ತೀರಿಕೊಂಡವರ ಮಿದುಳಿನಲ್ಲಿ, ಇದೇ ಭಾಗದ ಮೂರನೆಯ ಪದರದ ಕೋಶಗಳ ಮೇಲೆ ಮುಳ್ಳುಗಳು ಕಡಿಮೆಯಿರುವುದನ್ನು ವರದಿ ಮಾಡಿದರು. ಕೋಶಗಳು ಬಹುಮಟ್ಟಿಗೆ ಉಳಿದಿದ್ದವು. ತೆಳುವಾದದ್ದು ಅವುಗಳ ನಡುವಿನ ನಂಟು.

ಈ ನಂಟು ಏಕೆ ತೆಳುವಾಗುತ್ತದೆ? ಕುಷ್ಟಗಿಯ ಕಡೆಯಿಂದ ಬಂದವರು ದಾಳಿಂಬೆಗೆ ಚಾಟ್ನಿ ಮಾಡುವುದನ್ನು, ಅಂದರೆ ಕೊಂಬೆ ಸವರುವುದನ್ನು ಬಲ್ಲಿರಿ. ಹೆಚ್ಚಾದ ಕೊಂಬೆ ಕತ್ತರಿಸಿದರೆ ಗಿಡಕ್ಕೆ ಒಳ್ಳೆಯದು. ಮಿದುಳೂ ಹಾಗೆಯೇ ಮಾಡುತ್ತದೆ. ಬಾಲ್ಯದಲ್ಲಿ ಅಗತ್ಯಕ್ಕಿಂತ ಹೆಚ್ಚು ಸಂಧಿಗಳನ್ನು ಕಟ್ಟಿಕೊಂಡು, ಹರೆಯದಲ್ಲಿ ಬೇಡವಾದವನ್ನು ಸವರಿ ಹಾಕುತ್ತದೆ ಎಂಬುದನ್ನು ಪೀಟರ್ ಹಟ್ಟನ್‌ಲಾಕರ್ 1979ರಲ್ಲಿ ಸಂಧಿಗಳನ್ನು ಎಣಿಸಿ ತೋರಿಸಿದರು. ಈ ಚಾಟ್ನಿ ಮಿತಿಮೀರಿದರೆ ಏನಾಗಬಹುದು ಎಂಬ ಊಹೆಯನ್ನು ಅರ್ವಿನ್ ಫೈನ್‌ಬರ್ಗ್ 1980ರ ದಶಕದ ಆರಂಭದಲ್ಲಿ ಮುಂದಿಟ್ಟರು. ಗಿಡ ಸಾಯುವುದಿಲ್ಲ, ಕಾಯಿ ಕಟ್ಟುವ ಕಡ್ಡಿಗಳು ಇರುವುದಿಲ್ಲ. 2016ರಲ್ಲಿ ಈ ಊಹೆಗೆ ಕತ್ತರಿಯೂ ಸಿಕ್ಕಿತು: ಸೋಂಕಿನ ವಿರುದ್ಧ ಹೋರಾಡುವ ನಮ್ಮ ರಕ್ಷಣಾ ವ್ಯವಸ್ಥೆಯ ಸಿ4 ಎಂಬ ಜೀನಿನ ಕೆಲವು ರೂಪಗಳು ಈ ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತವೆ, ಇಲಿಗಳಲ್ಲಿ ಇದೇ ಜೀನು ಸಂಧಿಗಳನ್ನು ಸವರುವ ಕೆಲಸದಲ್ಲಿ ಪಾಲುಗೊಳ್ಳುತ್ತದೆ ಎಂಬುದು ತಿಳಿಯಿತು. 2020ರಲ್ಲಿ ಲಂಡನ್ನಿನ ಸಂಶೋಧಕರು, ಜೀವಂತ ರೋಗಿಗಳ ಮಿದುಳಿನಲ್ಲಿಯೇ, ಸಂಧಿಗಳಲ್ಲಿ ಇರುವ ಪ್ರೋಟೀನೊಂದು ಮುಂಭಾಗದಲ್ಲಿ ಕಡಿಮೆಯಿರುವುದನ್ನು ಪೆಟ್ ಸ್ಕ್ಯಾನಿನಲ್ಲಿ ಕಂಡರು. ಇವೆಲ್ಲವೂ ಗುಂಪಿನ ಸರಾಸರಿಗಳು. ನಾಳೆ ಯಾರೂ ಮಗನನ್ನು ಕರೆತಂದು “ಇವನ ಸಂಧಿ ಎಣಿಸಿಕೊಡಿ” ಎಂದು ಕೇಳಬಾರದು.

ಇನ್ನೊಂದು ಮಾತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದ ರಾತ್ರಿ ನಮಗೆಲ್ಲರಿಗೂ ನೆನಪಿದೆ. ಅದರ ಸರಪಳಿ ಎಂದಿನಿಂದ ಸವೆಯುತ್ತಿತ್ತು ಎಂಬುದನ್ನು ಯಾರೂ ಕ್ಯಾಲೆಂಡರಿನಲ್ಲಿ ಬರೆದಿಟ್ಟಿರಲಿಲ್ಲ. ಮನೆಯವರು ಕಾಯಿಲೆಯನ್ನು ಎಣಿಸುವುದು ಮಗ ಕೂಗಾಡಿದ ರಾತ್ರಿಯಿಂದ. ಆದರೆ ಯೋಚನೆಯ ತೊಡಕು ಅನೇಕರಲ್ಲಿ ಅದಕ್ಕೂ ವರ್ಷಗಳ ಮೊದಲೇ ಇರುತ್ತದೆ. ನಮ್ಮ ಹುಡುಗನ ಲೆಕ್ಕ ತಪ್ಪತೊಡಗಿದ್ದು ಧ್ವನಿ ಕೇಳಿಸುವುದಕ್ಕೆ ವರ್ಷದ ಮೊದಲು ಎಂದು ಮಾಲೀಕರು ಆಮೇಲೆ ನೆನಪಿಸಿಕೊಂಡರು. ಅದಕ್ಕಾಗಿ ಆಗಲೇ ಅವನ ಸಂಬಳವನ್ನೂ ಹಿಡಿದಿದ್ದರಂತೆ! ಹಾಗಾಗಿ ಮತ್ತೆ ಹೇಳುತ್ತೇನೆ, ಅದು ಸೋಮಾರಿತನವಾಗಿರಲಿಲ್ಲ.

ಹಳಬರಿಗೆ ಇದು ಗೊತ್ತಿತ್ತು. ಜರ್ಮನಿಯ ಮನೋವೈದ್ಯ ಕ್ರೆಪೆಲಿನ್ ಈ ಕಾಯಿಲೆಯನ್ನು ಬುದ್ಧಿ ಬೇಗ ಕುಂದುವ ರೋಗವೆಂದೇ ಕರೆದಿದ್ದರು. ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಕೊಟ್ಟದ್ದು 1908ರಲ್ಲಿ. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಬಂದು ಧ್ವನಿಗಳನ್ನು ತಗ್ಗಿಸಿದಾಗ ನಮ್ಮ ಕಿವಿಯೂ ಧ್ವನಿಗಳತ್ತಲೇ ತಿರುಗಿತು. ಈ ಔಷಧಗಳು ಡೋಪಮಿನ್ ಎಂಬ ರಾಸಾಯನಿಕದ ಅಬ್ಬರವನ್ನು ತಡೆಯುತ್ತವೆ; ತೆಳುವಾದ ಸಂಧಿಗಳನ್ನು ಮತ್ತೆ ಕಟ್ಟುವುದಿಲ್ಲ.

ಸಂಘಟಕರ ಚೀಟಿ ಬಂದಿದೆ, ಐದು ನಿಮಿಷವಂತೆ. ಗ್ಲುಟಮೇಟ್ ಎಂಬ ಮಿದುಳಿನ ಇನ್ನೊಂದು ರಾಸಾಯನಿಕದ ಬಗ್ಗೆ ಬರೆದುಕೊಂಡು ಬಂದದ್ದನ್ನು ಮಡಿಚಿಡುತ್ತೇನೆ. ವೈದ್ಯರಿಗೆ ಒಂದೇ ವಿನಂತಿ: ಧ್ವನಿ ತಗ್ಗಿಸುವ ಔಷಧಗಳಿಂದ ಬರುವ ಕೈನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ನೆನಪಿನ ಶಕ್ತಿಯನ್ನು ಮತ್ತಷ್ಟು ಕುಗ್ಗಿಸುತ್ತದೆ; ಅದು ಇನ್ನೂ ಬೇಕೇ ಎಂಬುದನ್ನು ಪ್ರತಿ ಭೇಟಿಯಲ್ಲೂ ನೋಡಿರಿ. ಮನೆಯವರು ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು. ಗಮನ ಮತ್ತು ನೆನಪಿಗೆ ಕೊಡುವ ತರಬೇತಿ, ವ್ಯಾಯಾಮ, ಕೆಲಸದ ಜಾಗದಲ್ಲಿಯೇ ಸಿಗುವ ನೆರವು, ಇವುಗಳಿಂದ ಸಾಧಾರಣ ಮಟ್ಟದ, ಆದರೆ ನಿಜವಾದ ಪ್ರಯೋಜನವಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ “ಮಾತು ಕೇಳಿಸುತ್ತದೆಯೇ?” ಎಂಬುದರ ಜೊತೆಗೆ “ಅಂಗಡಿಯಿಂದ ಮೂರು ಸಾಮಾನು ತರುತ್ತಾರೆಯೇ?” ಎಂದೂ ಕೇಳಲಿ.

ಆ ಹುಡುಗನೇನಾದ ಎಂದು ಹಿಂದಿನ ಸಾಲಿನವರು ಸನ್ನೆ ಮಾಡುತ್ತಿದ್ದಾರೆ. ಬಂಡಲು ಹಂಚುವ ಕೆಲಸಕ್ಕೆ ಅವನು ಮರಳಲಿಲ್ಲ. ಈಗ ಗುಂಡಿ ಹಾಕುವ ಯಂತ್ರದ ಮುಂದೆ ಕೂರುತ್ತಾನೆ. ತಾಯಿ ಹೇಳಿಕೊಟ್ಟಂತೆ, ಮುಗಿದ ಬಂಡಲಿನ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದ ಮೇಲೆಯೇ ಮುಂದಿನದನ್ನು ಬಿಚ್ಚುತ್ತಾನೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಚೀಟಿಯಿರುತ್ತದೆ, ಸಾಸಿವೆಯೂ ಮನೆಗೆ ಬರುತ್ತದೆ. ಪ್ರಶ್ನೆಗಳಿದ್ದರೆ ಕೇಳಬಹುದು.